ಬಸವಣ್ಣೆವ್ವನ ಹೊಸ ಕೀಲು

ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಬಸವಣ್ಣೆವ್ವ ಒಂದೇ ಹಟ ಹಿಡಿದು ಕೂತಿದ್ದಳು. ತನ್ನನ್ನು ಖಾನಾಪುರಕ್ಕೆ, ತನ್ನ ಮನೆಗೇ ಕರೆದುಕೊಂಡು ಹೋಗಬೇಕು. ಅಳಿಯ ಅಮರ ಮಂಚದ ಪಕ್ಕ ನಿಂತು ಔಷಧಿ ಚೀಟಿಗಳನ್ನು ಮಡಚುತ್ತ, ಹೌದೆಂದೂ ಅನ್ನದೆ ಇಲ್ಲವೆಂದೂ ಅನ್ನದೆ ಕೇಳಿಸಿಕೊಳ್ಳುತ್ತಿದ್ದ. ಕಡೆಗೆ ಡಾಕ್ಟರರೇ ಬಂದು ಆ ಮಾತು ಮುಗಿಸಿದರು. ಮನೆಯಲ್ಲಿ ಪಾಯಖಾನೆ ಎಲ್ಲಿದೆ ಎಂದು ಕೇಳಿದರು. ಹಿತ್ತಲಲ್ಲಿ, ಮೂರು ಮೆಟ್ಟಿಲು ಇಳಿದು ಹೋಗಬೇಕು ಎಂದಳು. ಕುಕ್ಕರಗಾಲಿನಲ್ಲಿ ಕೂರುವಂಥದ್ದೋ ಎಂದರು. ಮತ್ತಿನ್ನೆಂಥದ್ದು ಎಂದಳು. ಮಲಗುವುದೆಲ್ಲಿ ಎಂದು ಕೇಳಿದಾಗ, ನೆಲದ ಮೇಲೆ ಎಂದು ಬಾಯಿಬಿಡುವಷ್ಟರಲ್ಲಿ ತನ್ನ ವಾದ ಸೋತಿದ್ದು ಅವಳಿಗೇ ಗೊತ್ತಾಗಿತ್ತು. ಹೊಸದಾಗಿ ಕೂರಿಸಿದ ಕೀಲು ಇದು, ಮೂರು ತಿಂಗಳು ಇದಕ್ಕೆ ನೆಲ ತೋರಿಸಬೇಡಿ ಎಂದು ಹೇಳಿ ಡಾಕ್ಟರರು ಮುಂದಿನ ಮಂಚಕ್ಕೆ ಹೋದರು.

"ಹಂಗಾದ್ರ ಎಂಟು ದಿನ ಅಷ್ಟ," ಎಂದಳು ಬಸವಣ್ಣೆವ್ವ ಅಳಿಯನಿಗೆ. ಅಮರ ಚೀಟಿಗಳನ್ನು ಜೇಬಿಗೆ ಹಾಕಿಕೊಂಡು ಕಾರು ತರಲು ಹೋದ.

ಬಸವಣ್ಣೆವ್ವನದು ಹಿಟ್ಟಿನ ಗಿರಣಿ. ಗಂಡ ಗುರುಪುತ್ರಪ್ಪ ಖಾನಾಪುರದ ಸ್ಟೇಷನ್ ರೋಡಿನಲ್ಲಿ ಹಾಕಿದ ಗಿರಣಿಯನ್ನು, ಅವನು ತೀರಿಕೊಂಡ ಮೇಲೂ ಹನ್ನೊಂದು ವರ್ಷ ಅವಳೇ ನಡೆಸಿಕೊಂಡು ಬಂದಿದ್ದಳು. ಜೋಳ ತಂದವರ ಜೊತೆ ಕನ್ನಡದಲ್ಲಿ, ಅಕ್ಕಿ ತಂದವರ ಜೊತೆ ಮರಾಠಿಯಲ್ಲಿ ಮಾತಾಡುತ್ತಿದ್ದಳು. ಜಗಳ ಬಂದರೆ ಎರಡರಲ್ಲೂ ಸಮಸಮ ಆಡುತ್ತಿದ್ದಳು. ಕಾಳು ಸುರಿಯಲು ಎರಡು ಮೆಟ್ಟಿಲಿನ ಒಂದು ಕಟ್ಟೆಯಿತ್ತು. ಮೂವತ್ತು ವರ್ಷ ಡಬ್ಬಿ ಹೊತ್ತು ಹತ್ತಿ ಇಳಿದ ಕಟ್ಟೆ ಅದು. ಶ್ರಾವಣದ ಒಂದು ಬೆಳಿಗ್ಗೆ ಮಳೆಯಲ್ಲಿ ತೊಯ್ದ ಕಾಲಿನಿಂದ ಹತ್ತಿದಳು. ಮೆಟ್ಟಿಲಿನ ಮೇಲೆ ಹಿಟ್ಟಿತ್ತು. ಜಾರಿ ಬಲ ಮಗ್ಗುಲಿಗೆ ಬಿದ್ದಳು. ಗಿರಣಿಯಲ್ಲಿ ಜೊತೆಗೆ ದುಡಿಯುವ ಭರಮವ್ವ ಮೋಟಾರು ನಿಲ್ಲಿಸಿ ಅಮರನಿಗೆ ಫೋನು ಮಾಡಿದಳು. ಅಮರ ಬೆಳಗಾವಿಯಿಂದ ಮುಕ್ಕಾಲು ತಾಸಿನಲ್ಲಿ ಕಾರು ತಗೊಂಡು ಬಂದ. ತೊಡೆಯ ಎಲುಬು ಸೊಂಟಕ್ಕೆ ಕೂಡುವ ಕಡೆ ಮುರಿದಿತ್ತು. ಮೂರನೆಯ ದಿನ ಆಪರೇಷನ್ ಮಾಡಿ ಹಳೆಯದನ್ನು ತೆಗೆದು ಲೋಹದ ಕೀಲು ಕೂರಿಸಿದರು.

ಬೆಳಗಾವಿಯ ಶಿವಬಸವ ನಗರದಲ್ಲಿದ್ದ ಅಮರನ ಮನೆಯ ಹೊಸ್ತಿಲನ್ನು ಬಸವಣ್ಣೆವ್ವ ನಾಲ್ಕು ವರ್ಷದಿಂದ ತುಳಿದಿರಲಿಲ್ಲ. ಅವಳ ಒಬ್ಬಳೇ ಮಗಳು ಮಾಯಾ ಆರು ವರ್ಷದ ಹಿಂದೆ ಡೆಂಗ್ಯೂ ಜ್ವರ ಬಂದು ಒಂದೇ ವಾರದಲ್ಲಿ ಹೋಗಿಬಿಟ್ಟಿದ್ದಳು. ಆಗ ಮೊಮ್ಮಗಳು ಸಮೃದ್ಧಿಗೆ ಮೂರು ವರ್ಷ. ಎರಡು ವರ್ಷ ಬಿಟ್ಟು ಅಮರ ವಡಗಾವಿಯ ನೇಕಾರರ ಮನೆಯ ನಿಖಿತಾಳನ್ನು ಮದುವೆಯಾದ. ಇನ್ನೊಂದು ಮದುವೆ ಮಾಡಿಕೊಳ್ಳಿ, ಕೂಸಿಗೆ ಒಬ್ಬ ತಾಯಿ ಬೇಕು ಎಂದು ಮೊದಲು ಹೇಳಿದವಳು ಬಸವಣ್ಣೆವ್ವನೇ. ಆದರೆ ಬಾಯಲ್ಲಿ ಹೇಳಿದಷ್ಟು ಸಲೀಸಾಗಿ ಕಣ್ಣಲ್ಲಿ ನೋಡಲು ಆಗಲಿಲ್ಲ. ಮದುವೆಯ ದಿನ ಜ್ವರ ಎಂದು ನೆವ ಹೇಳಿ ಉಳಿದಳು. ಆಮೇಲೆ ಗಿರಣಿ ಬಿಟ್ಟು ಬರಲಾಗುವುದಿಲ್ಲ ಎನ್ನುವುದೇ ಕಾಯಂ ನೆವವಾಯಿತು. ಅಮರ ತಿಂಗಳಿಗೊಂದು ಭಾನುವಾರ ಸಮೃದ್ಧಿಯನ್ನು ಖಾನಾಪುರಕ್ಕೆ ಕರೆತರುತ್ತಿದ್ದ. ನಿಖಿತಾ ಮೊದಮೊದಲು ಎರಡು ಸಲ ಜೊತೆಗೆ ಬಂದಳು, ಮತ್ತೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಬಸವಣ್ಣೆವ್ವ ಕೇಳಲೂ ಇಲ್ಲ.

ಈಗ ಅದೇ ನಿಖಿತಾ ಗೇಟಿನ ಹತ್ತಿರ ವಾಕರ್ ಹಿಡಿದು ನಿಂತಿದ್ದಳು. ಮೂವತ್ತೆರಡರ ಸುಮಾರಿನ, ತೆಳ್ಳನೆಯ, ಮಾತು ಕಡಿಮೆಯ ಹೆಂಗಸು. ಮಲಗುವ ಕೋಣೆಗಳು ಮಹಡಿಯ ಮೇಲಿದ್ದವು. ಆದ್ದರಿಂದ ಬೀದಿ ಕಡೆಯ ಕೋಣೆಯಲ್ಲಿ ಮಂಚ ಹಾಕಿದ್ದರು. ಮಂಚದ ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆ ಇಟ್ಟು ಎತ್ತರ ಮಾಡಿದ್ದರು. ಕುರ್ಚಿಯ ಮೇಲೆ ದಪ್ಪ ದಿಂಬು ಹೊಲಿದು ಕಟ್ಟಿದ್ದರು. ಬಚ್ಚಲಿನ ಕಮೋಡಿನ ಮೇಲೂ ಎತ್ತರಕ್ಕೆಂದು ಒಂದು ಪ್ಲಾಸ್ಟಿಕ್ ಸೀಟು ಕೂರಿಸಿದ್ದರು. ಇಷ್ಟೆಲ್ಲ ತಯಾರಿ ಎಂಟು ದಿನಕ್ಕಾಗಿ ಮಾಡಿದ್ದಲ್ಲ ಎನ್ನುವುದು ಬಸವಣ್ಣೆವ್ವನಿಗೆ ತಿಳಿಯಿತು. ಸುಮ್ಮನೆ ಮಲಗಿದಳು. ನಿಖಿತಾ ಅವಳ ಎರಡು ಮೊಣಕಾಲುಗಳ ನಡುವೆ ದಿಂಬು ಇಟ್ಟು, ಕಾಲು ಸರಿ ಇದೆಯೇ ಎಂದು ಒಮ್ಮೆ ನೋಡಿ, ಬಾಗಿಲು ಅರ್ಧ ಮುಂದೆ ಮಾಡಿ ಹೋದಳು.

ಮೊದಲ ನಾಲ್ಕು ದಿನ ಆ ಮನೆಯಲ್ಲಿ ಯಾರು ಯಾರನ್ನೂ ಏನಂತಲೂ ಕರೆಯಲಿಲ್ಲ. ನಿಖಿತಾ ಬಂದಾಗ ಬರೀ "ಊಟ ತಂದೇನ್ರಿ," ಎನ್ನುತ್ತಿದ್ದಳು. ಅತ್ತೆ ಎಂದಾಗಲಿ ಅವ್ವಾರ ಎಂದಾಗಲಿ ಅದಕ್ಕೆ ಸೇರಿಸುತ್ತಿರಲಿಲ್ಲ. ಬಸವಣ್ಣೆವ್ವನಂತೂ ಕೆಮ್ಮಿ ಕರೆಯುತ್ತಿದ್ದಳು. ಇನ್ನು ಸಮೃದ್ಧಿಯದು ಒಂದು ವಿಚಿತ್ರ. ಒಂಬತ್ತು ವರ್ಷದ ಆ ಹುಡುಗಿ ಇಡೀ ದಿನ ಅಜ್ಜಿಯ ಮಂಚಕ್ಕೆ ಅಂಟಿಕೊಂಡೇ ಇರುತ್ತಿದ್ದಳು, ಶಾಲೆಯ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಆದರೆ ನಿಖಿತಾಳ ಹತ್ತಿರ ಏನಾದರೂ ಬೇಕಾದರೆ ಕೂಗುತ್ತಿರಲಿಲ್ಲ. ಎದ್ದು ಅಡುಗೆಮನೆಯವರೆಗೆ ನಡೆದುಹೋಗಿ, ಸೆರಗು ಎಳೆದು ಕೇಳಿಕೊಂಡು ಬರುತ್ತಿದ್ದಳು. ಹುಡುಗಿಗೆ ಇನ್ನೂ ಅವಳಲ್ಲಿ ಸಲಿಗೆ ಬಂದಿಲ್ಲ ಎಂದುಕೊಂಡಳು ಬಸವಣ್ಣೆವ್ವ. ಹಾಗೆ ಅಂದುಕೊಂಡಾಗ ಒಳಗೆಲ್ಲೋ ಒಂಚೂರು ಸಮಾಧಾನವೂ ಆಯಿತು. ಆ ಸಮಾಧಾನ ಒಳ್ಳೆಯದಲ್ಲ ಎಂದು ಅವಳಿಗೆ ಗೊತ್ತಿತ್ತು.

ನೋವಿಗಿಂತ ದೊಡ್ಡ ಕಷ್ಟ ಬಚ್ಚಲಿನದು. ಎಬ್ಬಿಸಲು ಒಬ್ಬರು, ಕೂರಿಸಲು ಒಬ್ಬರು, ಸೀರೆ ಎತ್ತಿ ಹಿಡಿಯಲು ಒಬ್ಬರು, ಮೂರೂ ನಿಖಿತಾಳೇ. ಅರವತ್ತಾರು ವರ್ಷ ಯಾರ ಮುಂದೆಯೂ ಕೈಯೊಡ್ಡದ ಬಸವಣ್ಣೆವ್ವ ಗೋಡೆಯ ಕಡೆ ಮುಖ ತಿರುಗಿಸಿ, ಹಲ್ಲು ಕಚ್ಚಿ ಕೂರುತ್ತಿದ್ದಳು. ಎರಡು ದಿನ ಹೀಗಾದ ಮೇಲೆ ಅವಳೊಂದು ಉಪಾಯ ಕಂಡುಕೊಂಡಳು. ನೀರು ಕುಡಿಯುವುದನ್ನು ಬಿಟ್ಟಳು. ಗುಳಿಗೆಗೆ ಬೇಕಾದ ಒಂದು ಗುಟುಕು, ಅಷ್ಟೇ. ಐದನೆಯ ದಿನ ಬೆಳಿಗ್ಗೆ ಎಬ್ಬಿಸಿ ಕೂರಿಸಿದಾಗ ಕಣ್ಣಿಗೆ ಕತ್ತಲೆ ಬಂತು, ನಾಲಿಗೆ ಒಣಗಿ ಕಟ್ಟಿಗೆಯಂತಾಗಿತ್ತು. ನಿಖಿತಾ ಅವಳನ್ನು ಮತ್ತೆ ಒರಗಿಸಿ, ಮಂಚದ ಪಕ್ಕದ ತಂಬಿಗೆಯ ಮುಚ್ಚಳ ತೆಗೆದು ನೋಡಿದಳು.

"ನಿನ್ನೆ ಮುಂಜಾನೆ ತುಂಬಿಟ್ಟ ನೀರು ಹಂಗ ಐತ್ರಿ," ಎಂದಳು. "ನನ್ನ ಕರೀಬೇಕಾಗ್ತದ ಅಂತ ನೀವು ನೀರು ಬಿಟ್ಟೀರಿ. ಹೌದಲ್ರಿ?"

ಬಸವಣ್ಣೆವ್ವ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

"ನಮ್ಮಪ್ಪಗ ಲಕ್ವಾ ಹೊಡದು ಮೂರು ವರ್ಷ ಹಾಸಿಗಿ ಮ್ಯಾಲ ಇದ್ರು. ಎಲ್ಲಾ ನಾನ ಮಾಡೀನಿ. ನನಗ ಇದರಾಗ ಅಸಹ್ಯ ಅನ್ನೂದು ಏನೂ ಇಲ್ರಿ. ನಿಮಗ ನಾಚಿಕಿ ಆಗ್ತದ, ಅದು ಖರೇ. ಆದ್ರ ನೀರು ಬಿಟ್ರ ಬ್ಯಾರೇನ ಜಡ್ಡು ಹತ್ತಿಕೊಳ್ತದ, ಮತ್ತ ಆಸ್ಪತ್ರಿಗೆ ಹೋಗಬೇಕಾಗ್ತದ. ಅದರಕಿಂತಾ ನನ್ನ ಕರಿಯೂದ ಹಗುರ ಅಲ್ಲೇನ್ರಿ?"

ಹೇಳಿದ್ದರಲ್ಲಿ ಸಿಟ್ಟಿರಲಿಲ್ಲ, ಬೆಣ್ಣೆ ಹಚ್ಚುವುದೂ ಇರಲಿಲ್ಲ. ಲೆಕ್ಕದ ಮೇಷ್ಟ್ರು ಲೆಕ್ಕ ಬಿಡಿಸಿ ತೋರಿಸಿದ ಹಾಗಿತ್ತು. ಬಸವಣ್ಣೆವ್ವ ಲೋಟ ಇಸಿದುಕೊಂಡು ಕುಡಿದಳು. ಇನ್ನೊಂದು ಲೋಟವನ್ನೂ ಕುಡಿದಳು. ಆ ದಿನದಿಂದ ನಿಖಿತಾ ಮಂಚದ ತಲೆದೆಸೆಗೆ ಸೈಕಲ್ಲಿನ ಹಳೆಯ ಗಂಟೆಯೊಂದನ್ನು ಕಟ್ಟಿದಳು. ಕೆಮ್ಮುವ ಕೆಲಸ ತಪ್ಪಿತು.

ದಿನ ಬಿಟ್ಟು ದಿನ ಕಾಕತಿಯಿಂದ ಯಲ್ಲೇಶ ಎಂಬ ಫಿಸಿಯೋಥೆರಪಿಸ್ಟ್ ಬರುತ್ತಿದ್ದ. ನಲವತ್ತರ ಪ್ರಾಯದವನು, ಮಾತಿನ ಮಲ್ಲ. ಮೊದಲ ವಾರ ಮಲಗಿಸಿಯೇ ಪಾದ ಮೇಲೆ ಕೆಳಗೆ ಆಡಿಸಲು ಹೇಳಿದ, ತೊಡೆ ಬಿಗಿಹಿಡಿದು ಹತ್ತು ಎಣಿಸಿ ಬಿಡಲು ಹೇಳಿದ. ಇದೂ ಒಂದು ವ್ಯಾಯಾಮವೇ ಎಂದು ಬಸವಣ್ಣೆವ್ವ ಮನಸ್ಸಿನಲ್ಲೇ ನಕ್ಕಳು; ಇಪ್ಪತ್ತು ಸಲ ಮಾಡುವಷ್ಟರಲ್ಲಿ ಹಣೆಯ ಮೇಲೆ ಬೆವರು ಬಂತು. ನಿಯಮಗಳನ್ನು ಅವನು ಬಂದಾಗಲೆಲ್ಲ ಬಾಯಿಪಾಠ ಒಪ್ಪಿಸುತ್ತಿದ್ದ. ಮೊಣಕಾಲು ಸೊಂಟಕ್ಕಿಂತ ಮೇಲೆ ಬರಬಾರದು. ಕಾಲ ಮೇಲೆ ಕಾಲು ಹಾಕಬಾರದು. ಬಿದ್ದ ವಸ್ತು ಎತ್ತಿಕೊಳ್ಳಲು ಬಗ್ಗಲೇಬಾರದು, ಬಿದ್ದದ್ದು ಬಂಗಾರವಾದರೂ ಸರಿ.

ವಾಕರ್ ಹಿಡಿದು ಮೊದಲ ಸಲ ಮಂಚದಿಂದ ಬಾಗಿಲಿಗೆ ಹೋದಾಗ ಬಸವಣ್ಣೆವ್ವನಿಗೆ ಆ ಎಂಟು ಹೆಜ್ಜೆ ಖಾನಾಪುರದಿಂದ ಬೆಳಗಾವಿಗೆ ನಡೆದುಬಂದಷ್ಟು ಉದ್ದವಾದವು. ಬಲಗಾಲು ತನ್ನದೇ ಅನಿಸಲಿಲ್ಲ. ಯಾರದೋ ಕಾಲನ್ನು ಕಡ ತಂದು ಹೊತ್ತುಕೊಂಡು ಹೋದ ಹಾಗಾಯಿತು. ತಿರುಗಿ ಬಂದು ಮಂಚದ ಮೇಲೆ ಕೂತಳು. ಯಲ್ಲೇಶ ಶಹಬ್ಬಾಸ್ ಎಂದ. ನಿಖಿತಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮಾರನೆಯ ದಿನ ಬೆಳಿಗ್ಗೆ ಸ್ನಾನವಾದ ಮೇಲೆ ಪೂಜೆಗೆ ಬೇಕಾದ ವಿಭೂತಿ, ನೀರು, ಒಂದು ಹೂವು ಮಂಚದ ಹತ್ತಿರದ ಬದಲು ಕಿಟಕಿಯ ಪಕ್ಕದ ಕುರ್ಚಿಯ ಹತ್ತಿರ, ಎತ್ತರದ ಸ್ಟೂಲಿನ ಮೇಲೆ ಕಾಯುತ್ತಿದ್ದವು. ನೆಲದ ಮೇಲೆ ಪದ್ಮಾಸನ ಹಾಕಿ ಕೂತು ಲಿಂಗಪೂಜೆ ಮಾಡಿದ ಜೀವ, ಕಾಲು ಇಳಿಬಿಟ್ಟು ಕುರ್ಚಿಯಲ್ಲಿ ಕೂರಲು ಮೊದಲು ಹಿಂಜರಿಯಿತು. ಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣು ನೆಟ್ಟ ಮೇಲೆ ತಾನು ಎಲ್ಲಿ ಕೂತಿದ್ದೇನೆ ಎನ್ನುವುದೇ ಮರೆಯಿತು.

ಎಂಟು ದಿನದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ನಾಲ್ಕನೆಯ ವಾರದಲ್ಲಿ ಅದು ನಡೆಯಿತು. ಮಧ್ಯಾಹ್ನ ನಾಲ್ಕು ಗಂಟೆ. ಅಮರ ಕೆಲಸಕ್ಕೆ ಹೋಗಿದ್ದ. ಮೋಡ ಕವಿದಿದ್ದರಿಂದ ನಿಖಿತಾ ಒಣಗಿದ ಬಟ್ಟೆ ತರಲು ಮಾಳಿಗೆಗೆ ಹೋಗಿದ್ದಳು. ಸಮೃದ್ಧಿ ನಡುಮನೆಯಲ್ಲಿ ಶಾಲೆಯ ಅಭ್ಯಾಸ ಬರೆಯುತ್ತಿದ್ದಳು. ಬಸವಣ್ಣೆವ್ವ ಮಂಚದ ಅಂಚಿಗೆ ಕೂತು ಭರಮವ್ವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಗಿರಣಿಯ ಕಲ್ಲು ಮೊಂಡಾಗಿದೆ, ಹಿಟ್ಟು ದಪ್ಪ ಬರುತ್ತಿದೆ ಎಂದು ಭರಮವ್ವ ಹೇಳುತ್ತಿದ್ದಳು. ಕಲ್ಲು ಕುಟ್ಟುವವನ ಹೆಸರು ಹೇಳುವಷ್ಟರಲ್ಲಿ ಫೋನು ಕೈಜಾರಿ ಮಂಚದ ಕೆಳಗೆ ಬಿತ್ತು. ಒಳಗಿನಿಂದ ಭರಮವ್ವನ ದನಿ, ಅಕ್ಕಾ, ಅಕ್ಕಾ ಎಂದು ಕೇಳುತ್ತಲೇ ಇತ್ತು.

ಗಂಟೆ ಬಾರಿಸಬಹುದಿತ್ತು. ಬಾರಿಸಲಿಲ್ಲ. ಇಷ್ಟು ದಿನ ಆಯಿತು, ಇಷ್ಟು ಸಣ್ಣದಕ್ಕೆ ಯಾಕೆ ಕರೆಯುವುದು ಎಂದುಕೊಂಡು ಒಂದು ಕೈಯಲ್ಲಿ ವಾಕರ್ ಹಿಡಿದು ಇನ್ನೊಂದು ಕೈ ಕೆಳಗೆ ಚಾಚಿದಳು. ಬೆರಳ ತುದಿಗೆ ಫೋನು ತಾಕಿತು. ಇನ್ನು ಸ್ವಲ್ಪ ಬಗ್ಗಿದಳು. ವಾಕರ್ ಮಗುಚಿತು. ಸೊಂಟದಲ್ಲಿ ಸಿಡಿಲು ಹೊಡೆದ ಹಾಗಾಗಿ, ದೇಹ ಮಂಚದಿಂದ ಅರ್ಧ ಜಾರಿ, ಚಾದರವನ್ನು ಬಿಗಿಯಾಗಿ ಹಿಡಿದುಕೊಂಡು ನೇತಾಡುವ ಸ್ಥಿತಿಗೆ ಬಂದಳು. ಸದ್ದು ಕೇಳಿ ಓಡಿಬಂದ ಸಮೃದ್ಧಿ ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಆಮೇಲೆ ತಿರುಗಿ, ಮೆಟ್ಟಿಲಿನ ಕಡೆ ಬಾಯಿ ಮಾಡಿ, ಇಡೀ ಓಣಿಗೆ ಕೇಳುವ ಹಾಗೆ ಕೂಗಿದಳು.

"ಮಮ್ಮೀ, ಲಗೂ ಬಾ. ಅಜ್ಜಿ ಬೀಳಾಕತ್ತಾಳ, ಮಮ್ಮೀ."

ನಿಖಿತಾ ಹೇಗೆ ಇಳಿದು ಬಂದಳೋ. ಒಂದು ಕೈ ಬಸವಣ್ಣೆವ್ವನ ಬೆನ್ನಿಗೆ, ಒಂದು ಕೈ ತೊಡೆಯ ಕೆಳಗೆ ಕೊಟ್ಟು, ತನ್ನ ಮೊಣಕಾಲನ್ನೇ ಒಡ್ಡಾಗಿ ಊರಿ, ಕಾಲು ತಿರುಚದಂತೆ ಅವಳನ್ನು ಇಂಚು ಇಂಚಾಗಿ ಮಂಚದ ಮೇಲೆ ತಂದಳು. ಎರಡೂ ಪಾದ ಒಂದೇ ಉದ್ದಕ್ಕಿವೆಯೇ ಎಂದು ಜೋಡಿಸಿ ನೋಡಿದಳು. ಯಲ್ಲೇಶನಿಗೆ ಫೋನು ಮಾಡಿದಳು. ಅವನು ಅರ್ಧ ತಾಸಿನಲ್ಲಿ ಬಂದು, ಕಾಲನ್ನು ಮೆಲ್ಲಗೆ ಆಡಿಸಿ, ಕೀಲು ಜಾಗ ಬಿಟ್ಟಿಲ್ಲ, ಸ್ನಾಯು ಎಳೆದಿದೆ ಅಷ್ಟೇ ಎಂದ. ನಾಳೆ ಒಮ್ಮೆ ಡಾಕ್ಟರಿಗೆ ತೋರಿಸಿ ಎಂದೂ ಹೇಳಿದ. ಎಂದಿನ ಹಾಗೆ ಮಾತಾಡಲಿಲ್ಲ. ಅದರಿಂದಲೇ ಬಸವಣ್ಣೆವ್ವನಿಗೆ ತಾನು ಎಂಥಾ ಗಂಡಾಂತರದಿಂದ ಪಾರಾದೆ ಎನ್ನುವುದು ಗೊತ್ತಾಯಿತು.

ಎಲ್ಲ ತಣ್ಣಗಾದ ಮೇಲೆ ನೋಡಿದರೆ ಸಮೃದ್ಧಿ ಕೋಣೆಯ ಮೂಲೆಯಲ್ಲಿ ಕೂತು ಬಿಕ್ಕುತ್ತಿದ್ದಳು. ನಿಖಿತಾ ಅಡುಗೆಮನೆಯಲ್ಲಿ ಚಹಾಕ್ಕೆ ಇಟ್ಟಿದ್ದಳು. ಬಸವಣ್ಣೆವ್ವ ಮೊಮ್ಮಗಳನ್ನು ಹತ್ತಿರ ಕರೆದು ಕೂರಿಸಿಕೊಂಡಳು.

"ನಾ ಬಿದ್ದಿಲ್ಲಲ್ಲವಾ. ಯಾಕ ಅಳಾಕತ್ತಿ?"

"ನಿನ್ನ ಮುಂದ ಮಮ್ಮಿ ಅಂದ್ಬಿಟ್ಟೆ," ಎಂದಳು ಹುಡುಗಿ.

"ಅಂದ್ರ ಏನಾತು? ಅನಬ್ಯಾಡ ಅಂತ ಯಾರು ಹೇಳಿದ್ರು ನಿನಗ?"

"ಯಾರೂ ಹೇಳಿಲ್ಲ." ಸಮೃದ್ಧಿ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡಳು. "ನಾ ಸಣ್ಣಾಕಿ ಇದ್ದಾಗ ಖಾನಾಪುರದಾಗ ಒಮ್ಮೆ ಅಂದಿದ್ದೆ. ಮಮ್ಮಿನೂ ಬಂದಿದ್ದಳು. ನೀ ಏನೂ ಅನ್ನಲಿಲ್ಲ. ಎದ್ದು ಹೋಗಿ ಗಿರಣಿ ಚಾಲೂ ಮಾಡಿದಿ. ಒಳಗ ಹಾಕಾಕ ಕಾಳ ಇರಲಿಲ್ಲ."

ಬಸವಣ್ಣೆವ್ವನಿಗೆ ಆ ಭಾನುವಾರ ನೆನಪಿತ್ತು. ಗಿರಣಿಯ ಕಟ್ಟೆಯ ಮೇಲೆ ಎಲ್ಲರೂ ಕೂತಿದ್ದರು. ನಿಖಿತಾ ಹುಡುಗಿಯ ಜಡೆಯ ರಿಬ್ಬನ್ ಕಟ್ಟುತ್ತಿದ್ದಳು. ಸಮೃದ್ಧಿ ತಿರುಗಿ ಮಮ್ಮಿ ಎಂದದ್ದೇ ತಡ, ತನ್ನ ಎದೆಯಲ್ಲಿ ಎದ್ದ ಸದ್ದನ್ನು ಯಾರೂ ಕೇಳಬಾರದೆಂದು ಎದ್ದುಹೋಗಿ ಮೋಟಾರಿನ ಗುಂಡಿ ಒತ್ತಿದ್ದಳು. ಬರಿಗಲ್ಲು ತಿರುಗುವ ಕರ್ಕಶ ಸದ್ದಿನಲ್ಲಿ ಅವಳೊಬ್ಬಳೇ ಕಣ್ಣೀರು ಒರೆಸಿಕೊಂಡು ನಿಂತಿದ್ದಳು. ಐದು ವರ್ಷದ ಕೂಸಿಗೆ ಏನು ತಿಳಿದೀತು ಎಂದುಕೊಂಡಿದ್ದಳು. ಕೂಸು ಎಲ್ಲ ತಿಳಿದುಕೊಂಡಿತ್ತು. ನಾಲ್ಕು ವರ್ಷ ಆ ಶಬ್ದವನ್ನು ಅಜ್ಜಿಯ ಮುಂದೆ ನುಂಗಿಕೊಂಡು, ಸೆರಗು ಎಳೆದು ಕೆಲಸ ಸಾಗಿಸಿತ್ತು. ನಿಖಿತಾ ಮತ್ತೆ ಯಾಕೆ ಖಾನಾಪುರಕ್ಕೆ ಬರಲಿಲ್ಲ ಎನ್ನುವುದಕ್ಕೂ ಈಗ ಯಾರನ್ನೂ ಕೇಳುವ ಅಗತ್ಯವಿರಲಿಲ್ಲ.

ಬಸವಣ್ಣೆವ್ವನಿಗೆ ಕ್ಷಮೆ ಕೇಳುವುದು ಬರುತ್ತಿರಲಿಲ್ಲ. ಗಿರಣಿಯಲ್ಲಿ ತಪ್ಪಾದರೆ ಒಂದು ಮುಷ್ಟಿ ಹಿಟ್ಟು ಹೆಚ್ಚು ಹಾಕಿ ಕೊಡುತ್ತಿದ್ದಳು, ಅಷ್ಟೇ ಅವಳಿಗೆ ಗೊತ್ತಿದ್ದ ಕ್ಷಮೆ. ಮಾರನೆಯ ದಿನ ಡಾಕ್ಟರರು ಎಕ್ಸ್‌ರೇ ನೋಡಿ, ಪುಣ್ಯ ಗಟ್ಟಿಯಿದೆ ಎಂದು ಬೈದು ಕಳಿಸಿದರು. ಅದರ ಮರುದಿನ ಬೆಳಿಗ್ಗೆ, ಸಮೃದ್ಧಿ ಶಾಲೆಗೆ ಹೊರಡಲು ಬೂಟು ಹಾಕಿಕೊಳ್ಳುತ್ತಿದ್ದಾಗ, ಬಸವಣ್ಣೆವ್ವ ಮಂಚದ ಮೇಲೆ ಎದ್ದು ಕೂತು, ಗಂಟೆಯ ಕಡೆ ಕೈ ಹಾಕದೆ, ಮೊಮ್ಮಗಳನ್ನು ಕರೆದಳು.

"ಸಮೃದ್ಧಿ, ಮಮ್ಮಿನ್ನ ಕರಿ. ನನಗ ನಡೀಬೇಕಾಗೇತಿ."

ಹುಡುಗಿ ಒಂದು ಕಾಲಿನ ಬೂಟನ್ನು ಕೈಯಲ್ಲೇ ಹಿಡಿದು ಅಜ್ಜಿಯನ್ನು ನೋಡಿದಳು. ನಿಖಿತಾ ರೊಟ್ಟಿ ತಟ್ಟುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು; ಅವಳಿಗೆ ಎಲ್ಲ ಕೇಳಿಸಿತ್ತು. ಕರೆಯುವ ಅಗತ್ಯವೇ ಇರಲಿಲ್ಲ. ಆದರೂ ಸಮೃದ್ಧಿ ಕರೆದಳು. ಮೆಲ್ಲಗೆ ಒಮ್ಮೆ, ಆಮೇಲೆ ಜೋರಾಗಿ ಒಮ್ಮೆ. ನಿಖಿತಾ ಕೈ ತೊಳೆದುಕೊಂಡು ಬಂದು ವಾಕರ್ ಹಿಡಿದಳು. ಇಬ್ಬರೂ ನಡುಮನೆಯನ್ನು ದಾಟಿ, ಅಡುಗೆಮನೆಯವರೆಗೆ ಹೋಗಿ ಬಂದರು. ಅಷ್ಟು ದೂರ ಬಸವಣ್ಣೆವ್ವ ಅದುವರೆಗೆ ಹೋಗಿರಲಿಲ್ಲ. ಹಾಗೆ ಹೋದಾಗಲೇ ಅವಳ ಕಣ್ಣಿಗೆ ಮೆಟ್ಟಿಲಿನ ಕೆಳಗಿನ ಕತ್ತಲೆಯ ಸಂದಿಯಲ್ಲಿ ಹೊಲಿಗೆ ಯಂತ್ರ ಬಿತ್ತು. ಅದರ ಸುತ್ತ ಅರ್ಧ ಹೊಲಿದ ಬ್ಲೌಸುಗಳು, ಫಾಲ್ ಹಚ್ಚಲು ಬಂದ ಸೀರೆಗಳು ರಾಶಿ ಬಿದ್ದಿದ್ದವು. ನಿಖಿತಾ ಓಣಿಯ ಹೆಂಗಸರಿಗೆ ಬಟ್ಟೆ ಹೊಲಿಯುತ್ತಾಳೆ ಎನ್ನುವುದು ಅವಳಿಗೆ ಗೊತ್ತಿತ್ತು. ಬೀದಿ ಕಡೆಯ, ದೊಡ್ಡ ಕಿಟಕಿಯ, ಒಳ್ಳೆ ಬೆಳಕಿನ ಆ ಕೋಣೆ ಅವಳ ಹೊಲಿಗೆ ಕೋಣೆಯಾಗಿತ್ತು ಎನ್ನುವುದು ಮಾತ್ರ ಈಗ ಹೊಳೆಯಿತು. ತಿಂಗಳು ಪೂರ್ತಿ ಆಕೆ ಬಲ್ಬಿನ ಬೆಳಕಲ್ಲಿ ಸೂಜಿಗೆ ದಾರ ಪೋಣಿಸಿದ್ದಳು.

ಸಂಜೆ ಅಮರ ಬಂದಾಗ ಬಸವಣ್ಣೆವ್ವ ಅವನನ್ನು ಕರೆದು, ಯಂತ್ರವನ್ನು ತನ್ನ ಕೋಣೆಯ ಕಿಟಕಿಗೆ ತಂದಿಡಲು ಹೇಳಿದಳು. ಸದ್ದಿಗೆ ನಿಮಗೆ ತ್ರಾಸಾಗುತ್ತದೆ ಎಂದ ಅಮರ. ಮೂವತ್ತು ವರ್ಷ ಗಿರಣಿಯಲ್ಲಿ ಬಾಳಿದವಳಿಗೆ ಹೊಲಿಗೆ ಯಂತ್ರದ ಸದ್ದು ಜೋಗುಳದ ಹಾಗೆ ಎಂದಳು ಅವಳು. ಯಂತ್ರ ಬಂತು.

ಅಲ್ಲಿಂದ ದಿನಗಳಿಗೆ ಕಾಲು ಬಂದವು. ಎತ್ತರದ ಕುರ್ಚಿಯಲ್ಲಿ ಕೂತು ಬಸವಣ್ಣೆವ್ವ ಬ್ಲೌಸುಗಳಿಗೆ ಹುಕ್ಕು ಹಚ್ಚಲು ಶುರುಮಾಡಿದಳು. ಮೊದಲನೆಯದನ್ನು ನಿಖಿತಾ ಸದ್ದಿಲ್ಲದೆ ಬಿಚ್ಚಿ ಮತ್ತೆ ಹಚ್ಚಿದ್ದನ್ನು ಕಂಡು ನಕ್ಕಳು. ಹತ್ತನೆಯದು ನೆಟ್ಟಗೆ ಬಂತು. ಅಳತೆ ಕೊಡಲು ಬರುವ ಹೆಂಗಸರು ಅವಳ ಜೊತೆ ಹರಟೆಗೆ ಕೂರತೊಡಗಿದರು. ತಾಸಿಗೊಮ್ಮೆ ನಿಖಿತಾ ಪೆಡಲು ನಿಲ್ಲಿಸಿ, "ಏಳ್ರಿ, ಒಂದು ಸುತ್ತು ಆಗ್ಲಿ," ಎನ್ನುತ್ತಿದ್ದಳು. ಆರನೆಯ ವಾರ ದಾಟಿದ ಮೇಲೆ ಯಲ್ಲೇಶ ವಾಕರ್ ಬಿಡಿಸಿ ಕೋಲು ಕೊಟ್ಟ. ನೋವಿರುವುದು ಬಲಗಾಲಿಗೆ, ಕೋಲು ಎಡಗೈಗೆ ಎಂದಾಗ ಇದೆಂಥ ಹುಚ್ಚು ಎಂದು ವಾದ ಮಾಡಿದಳು. ಎರಡು ದಿನ ಕದ್ದುಮುಚ್ಚಿ ಬಲಗೈಯಲ್ಲೇ ಹಿಡಿದು ನೋಡಿದಳು, ಮೂರನೆಯ ದಿನ ಎಡಗೈಗೆ ಬಂದಳು. ಗೇಟಿನ ಮೆಟ್ಟಿಲು ಹತ್ತುವಾಗ ಎಡಗಾಲು ಮೊದಲು, ಇಳಿಯುವಾಗ ಬಲಗಾಲು ಮೊದಲು. ದೀಪಾವಳಿಯ ಹೊತ್ತಿಗೆ ಓಣಿಯ ತುದಿಯ ಹಾಲಿನ ಅಂಗಡಿಯವರೆಗೆ ಹೋಗಿ ಬರುವಷ್ಟಾಯಿತು. ಆ ಕಡ ತಂದ ಕಾಲು ನಿಧಾನವಾಗಿ ಅವಳದಾಗುತ್ತಿತ್ತು.

ಒಂದು ಮಧ್ಯಾಹ್ನ, ಮನೆಯಲ್ಲಿ ಇಬ್ಬರೇ ಇದ್ದಾಗ, ನಿಖಿತಾ ಹೊಲಿಯುವುದನ್ನು ನಿಲ್ಲಿಸಿ, ಯಂತ್ರದ ಚಕ್ರದ ಮೇಲೆ ಕೈಯಿಟ್ಟು ಬಸವಣ್ಣೆವ್ವನ ಕಡೆ ತಿರುಗಿದಳು.

"ಒಂದು ಕೇಳ್ಲೇನ್ರಿ?" ಎಂದಳು. "ಮಾಯಕ್ಕಾರು ಹೆಂಗ ಇದ್ರು? ಸಮೃದ್ಧಿ ನನ್ನ ಕೇಳ್ತಾಳ, ನಮ್ಮ ಅವ್ವ ಹೆಂಗ ನಗ್ತಿದ್ದಳು, ಏನ ಮಾಡ್ತಿದ್ದಳು ಅಂತ. ಇವರನ್ನ ಕೇಳಿದ್ರ ಎದ್ದು ಹೊರಗ ಹೋಗ್ತಾರ. ನಾ ಅವರನ್ನ ನೋಡೇ ಇಲ್ಲ. ಏನಂತ ಹೇಳ್ಲಿ ಆಕಿಗೆ?"

ಬಸವಣ್ಣೆವ್ವನ ಕೈಯಲ್ಲಿನ ಸೂಜಿ ನಿಂತಿತು. ಆರು ವರ್ಷದಲ್ಲಿ ಯಾರೂ ಅವಳನ್ನು ಹೀಗೆ ಕೇಳಿರಲಿಲ್ಲ. ಮಾಯಾ ಹೇಗೆ ಹೋದಳು ಎಂದು ಊರೆಲ್ಲ ಕೇಳಿತ್ತು. ಹೇಗೆ ಇದ್ದಳು ಎಂದು ಒಬ್ಬರೂ ಕೇಳಿರಲಿಲ್ಲ. ಸೂಜಿಯನ್ನು ಬ್ಲೌಸಿಗೆ ಚುಚ್ಚಿಟ್ಟಳು. ಆಮೇಲೆ ಹೇಳುತ್ತ ಹೋದಳು. ಹತ್ತು ವರ್ಷದವಳಿದ್ದಾಗ ಮಾಯಾಳನ್ನು ಹತ್ತು ನಿಮಿಷ ಗಿರಣಿಯಲ್ಲಿ ಬಿಟ್ಟು ಹೋಗಿದ್ದಕ್ಕೆ, ಮರಾಠಿ ಹೆಂಗಸೊಬ್ಬಳ ಅಕ್ಕಿ ಹಿಟ್ಟಿಗೆ ಯಾರದೋ ಜೋಳದ ಹಿಟ್ಟು ಬೆರೆಸಿಬಿಟ್ಟಿದ್ದಳು. ಸಿಕ್ಕಿಬಿದ್ದಾಗ ಹೆದರದೆ, ಇದು ಪುಣೆಯವರು ತಿನ್ನುವ ಹೊಸ ಹಿಟ್ಟು, ರೊಟ್ಟಿ ಹತ್ತಿಯ ಹಾಗೆ ಮೆತ್ತಗೆ ಬರುತ್ತದೆ ಎಂದು ಮರಾಠಿಯಲ್ಲೇ ನಂಬಿಸಿ ಕಳಿಸಿದಳು. ಮುಂದಿನ ವಾರ ಅದೇ ಹೆಂಗಸು ತಿರುಗಿ ಬಂದು, ಪುಣೆಯ ಹಿಟ್ಟನ್ನೇ ಕೊಡಿ ಎಂದು ಕೂತಳು. ಗುರುಪುತ್ರಪ್ಪ ಏನೆಂದೇ ತಿಳಿಯದೆ ಕಂಗಾಲಾಗಿದ್ದ. ಇದನ್ನು ಹೇಳುತ್ತ ಬಸವಣ್ಣೆವ್ವ ನಕ್ಕಳು, ಅತ್ತಳು, ಮತ್ತೆ ನಕ್ಕಳು. ನಿಖಿತಾ ತಾನಾಗಿಯೇ ಉಕ್ಕಿಬಂದ ನಗುವನ್ನು ತಡೆಯಲಾರದೆ ಸೆರಗು ಬಾಯಿಗೆ ಹಿಡಿದಳು. ಸಂಜೆ ಶಾಲೆಯಿಂದ ಬಂದ ಸಮೃದ್ಧಿಗೆ ಆ ಕಥೆಯನ್ನು ನಿಖಿತಾಳೇ ಹೇಳಿದಳು. ಬಸವಣ್ಣೆವ್ವ ಪಕ್ಕದಲ್ಲಿ ಕೂತು, ತಪ್ಪಿದಲ್ಲಿ ತಿದ್ದಿದಳು.

ದೀಪಾವಳಿ ಕಳೆದು ಎರಡು ವಾರಕ್ಕೆ ಡಾಕ್ಟರರು ಊರಿಗೆ ಹೋಗಲು ಒಪ್ಪಿದರು. ಅಷ್ಟರಲ್ಲಿ ಅಮರ ಖಾನಾಪುರದ ಮನೆಯೊಳಗೇ ಕಮೋಡು ಕೂರಿಸಿ, ಎತ್ತರದ ಮಂಚ ಮಾಡಿಸಿ, ಗಿರಣಿಯ ಕಟ್ಟೆಗೆ ಕಬ್ಬಿಣದ ಕೈಪಿಡಿ ಹಾಕಿಸಿದ್ದ. ಕಾರಿನಲ್ಲಿ ನಾಲ್ಕೂ ಜನ ಹೋದರು. ಭರಮವ್ವ ಗಿರಣಿ ನಿಲ್ಲಿಸಿ ಬಂದು, ಅಕ್ಕಾ ಎನ್ನುತ್ತ ಬಸವಣ್ಣೆವ್ವನ ಎರಡೂ ಕೈ ಹಿಡಿದುಕೊಂಡಳು. ಹಿಂದೆಂದೂ ಕಂಡಿರದ ನಿಖಿತಾಳನ್ನು ನೋಡಿ ಯಾರೆಂದು ಕೇಳುವ ಮುಖ ಮಾಡಿದಳು. ಸಮೃದ್ಧಿಯ ಅವ್ವ ಎಂದಳು ಬಸವಣ್ಣೆವ್ವ, ಬೇರೆ ಏನನ್ನೂ ಸೇರಿಸದೆ. ಕಾಳು ಸುರಿಯುವ ಕೆಲಸ ಇನ್ನು ಮುಂದೆ ಭರಮವ್ವನದು, ಡಬ್ಬಿ ಇಸಿದುಕೊಳ್ಳುವುದು ತನ್ನದು ಎಂದು ಅಲ್ಲೇ ನಿಂತು ಗೊತ್ತು ಮಾಡಿದಳು. ಆ ದಿನ ಸಂಜೆ ಅವರು ತಿರುಗಿ ಹೊರಟಾಗ ನಿಖಿತಾ ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅವ್ವಾರ, ನೀರು ಕುಡೀರಿ," ಎಂದಳು. ಮೊದಲ ಸಲ ಹಾಗೆ ಕರೆದದ್ದು ಅವಳಿಗೇ ಗೊತ್ತಾಗಲಿಲ್ಲವೇನೋ.

ಫೆಬ್ರುವರಿಯಲ್ಲಿ ಆರು ತಿಂಗಳ ತಪಾಸಣೆಯಿತ್ತು. ಶನಿವಾರ ಕಾರು ತರುತ್ತೇನೆ ಎಂದು ಅಮರ ಹೇಳಿದ್ದ. ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಬಸವಣ್ಣೆವ್ವ ಗಿರಣಿಯನ್ನು ಭರಮವ್ವನಿಗೆ ಒಪ್ಪಿಸಿ, ಕೋಲು ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದಳು. ಬೆಳಗಾವಿ ಬಸ್ಸಿನ ಮೊದಲ ಮೆಟ್ಟಿಲು ಮೊಣಕಾಲು ಎತ್ತರ ಇತ್ತು. ಕಂಬಿ ಹಿಡಿದು, ಎಡಗಾಲು ಇಟ್ಟು, ಉಸಿರು ಬಿಗಿಹಿಡಿದು ಒಮ್ಮೆ ಮೇಲಕ್ಕೆ ಎಳೆದುಕೊಂಡಳು. ಬಲಗಾಲು ಹಿಂದೆಯೇ ಬಂತು, ಯಾವ ತಕರಾರೂ ಮಾಡದೆ. ಹಿಂದಿದ್ದವರು ಗಡಿಬಿಡಿ ಮಾಡಿದಾಗ ಕಂಡಕ್ಟರ್ ಅವರನ್ನು ತಡೆದು, ಅಜ್ಜಿ ಕೂರುವ ತನಕ ಸೀಟಿ ಊದಲಿಲ್ಲ.

ಶಿವಬಸವ ನಗರದ ಗೇಟು ತೆಗೆದಾಗ ನಿಖಿತಾ ಚಪ್ಪಲಿ ಮೆಟ್ಟಿ ಹೊರಗೆ ಹೊರಟಿದ್ದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಬಸವಣ್ಣೆವ್ವನನ್ನು ಕಂಡು ಅವಳ ಹಿಂದೆ ಬೇರೆ ಯಾರಾದರೂ ಇದ್ದಾರೆಯೇ ಎಂದು ನೋಡಿದಳು. ಯಾರೂ ಇರಲಿಲ್ಲ.

"ಒಬ್ಬರ ಬಂದ್ರೇನು? ಬಸ್ಸಿನ್ಯಾಗ? ಬಿದ್ದಿದ್ರ ಏನ ಮಾಡ್ತಿದ್ರಿ?"

"ಬಿದ್ದಿಲ್ಲಲ್ಲ," ಎಂದಳು ಬಸವಣ್ಣೆವ್ವ. "ನೀ ಎಲ್ಲಿ ಹೊಂಟಿದ್ದಿ?"

ಸಮೃದ್ಧಿಯ ಶಾಲೆಯ ವ್ಯಾನು ಓಣಿಯ ತಿರುವಿಗೆ ಬರುವ ಹೊತ್ತಾಗಿತ್ತು. ಒಳಗೆ ಹೋಗಿ ಕೂತಿರಿ, ನೀರು ಕುಡಿಯಿರಿ ಎಂದು ನಿಖಿತಾ ಎಷ್ಟು ಹೇಳಿದರೂ ಬಸವಣ್ಣೆವ್ವ ಕೇಳದೆ ಜೊತೆಗೇ ತಿರುಗಿದಳು. ಇಬ್ಬರೂ ಬಿಸಿಲಿನಲ್ಲಿ ನಡೆದರು. ನಿಖಿತಾ ಎರಡು ಹೆಜ್ಜೆ ಮುಂದೆ ಹೋಗುವುದು, ನಿಲ್ಲುವುದು, ಮತ್ತೆ ಎರಡು ಹೆಜ್ಜೆ ಹೋಗುವುದು ಮಾಡಿದಳು. ಸ್ವಲ್ಪ ದೂರ ಹೋದ ಮೇಲೆ ನಿಲ್ಲುವುದನ್ನು ಬಿಟ್ಟು, ಅವಳದೇ ನಡಿಗೆಗೆ ಹೊಂದಿಕೊಂಡಳು. ದಾರಿಯಲ್ಲಿ ಬ್ಲೌಸು ಹೊಲಿಸಿಕೊಂಡಿದ್ದ ಹೆಂಗಸೊಬ್ಬಳು ಬಾಗಿಲಿಂದ ಕೂಗಿ, ಅಜ್ಜಿ ಹುಕ್ಕು ಹಚ್ಚಲು ಮತ್ತೆ ಬಂದರೇ ಎಂದು ಕೇಳಿದಳು.

ವ್ಯಾನು ಬಂತು. ಇಳಿದ ಸಮೃದ್ಧಿ ಇಬ್ಬರನ್ನೂ ಒಟ್ಟಿಗೆ ನೋಡಿ ಒಂದು ಕ್ಷಣ ಯಾರ ಕಡೆ ಓಡಬೇಕೆಂದು ತಿಳಿಯದೆ ನಿಂತಳು. ಆಮೇಲೆ ಬ್ಯಾಗನ್ನು ಮಮ್ಮಿಯ ಹೆಗಲಿಗೆ ಹಾಕಿ, ಊಟದ ಡಬ್ಬಿಯನ್ನು ಅಜ್ಜಿಯ ಕೈಗೆ ಕೊಟ್ಟು, ಇವತ್ತು ಶಾಲೆಯಲ್ಲಿ ಏನಾಯಿತು ಗೊತ್ತೇ ಎನ್ನುತ್ತ ಮುಂದೆ ಮುಂದೆ ನಡೆಯತೊಡಗಿದಳು. ಏನಾಯಿತು ಎಂದು ಕೇಳಲು ಇಬ್ಬರೂ ಹೆಜ್ಜೆ ಸ್ವಲ್ಪ ಬೇಗ ಹಾಕಬೇಕಾಯಿತು.